ಮಕ್ಕಳನ್ನು ಕರೆದೊಯ್ಯುವವರು ನಮಗೆ ಗೊತ್ತಿರುವವರೇ

ರಾಯಚೂರು ಕಡೆ ಮಕ್ಕಳ ಕಳ್ಳರು ಓಡಾಡುತ್ತಾರಂತೆ, ನಿಜವಾ ಎಂದು ಕೇಳಿದ್ದೀರಿ. ಮೊದಲಿಗೆ ಒಂದು ವಿನಂತಿ: ವಾಟ್ಸಾಪ್‌ನಲ್ಲಿ ಬರುವ ಅಂಥ ವಿಡಿಯೊಗಳನ್ನು ಮುಂದೆ ಕಳಿಸಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದ್ದೇ ಸುದ್ದಿ ನಂಬಿದ ಜನ, ಕಾರಿನಲ್ಲಿ ಬಂದಿದ್ದ ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಅವರ ಗುಂಪು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ.

ನಮ್ಮಲ್ಲಿ ಮಕ್ಕಳನ್ನು ನಿಜವಾಗಿ ಕರೆದೊಯ್ಯುವವನು ಮೇಸ್ತ್ರಿ, ಅಂದರೆ ಹೊಲದ ಕೆಲಸಕ್ಕೆ ಕೂಲಿಗಳನ್ನು ಒದಗಿಸುವವನು. ಹಗಲಲ್ಲೇ ಬರುತ್ತಾನೆ, ಮನೆಯಲ್ಲಿ ಕೂತು ಚಹಾ ಕುಡಿಯುತ್ತಾನೆ. ಹೆಚ್ಚಾಗಿ ನಮ್ಮೂರವನೇ, ಇಲ್ಲವೇ ಬೀಗರ ಊರವನು. ಮದುವೆಗೋ ಆಸ್ಪತ್ರೆಗೋ ಮಾಡಿದ ಸಾಲ ಯಾವ ಮನೆಯಲ್ಲಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಮುಂಗಡ ಕೊಟ್ಟು ಹೋಗುತ್ತಾನೆ. ನಾಗರ ಪಂಚಮಿ ಮುಗಿದ ಮೇಲೆ ಕ್ರೂಸರ್ ಗಾಡಿ ಬರುತ್ತದೆ. ಆರನೇ, ಏಳನೇ ತರಗತಿಯ ಹುಡುಗಿಯರು ಹತ್ತಿ ಬೀಜದ ಹೊಲಕ್ಕೆ ಹೊರಡುತ್ತಾರೆ, ಬಹಳ ಸಲ ಗಡಿಯಾಚೆ ತೆಲಂಗಾಣದ ಗದ್ವಾಲ್ ಕಡೆಗೆ.

ಹುಡುಗಿಯರೇ ಯಾಕೆ ಅಂದರೆ, ಹೈಬ್ರಿಡ್ ಹತ್ತಿ ಬೀಜಕ್ಕೆ ಪ್ರತಿ ಹೂವನ್ನೂ ಕೈಯಲ್ಲೇ ಕ್ರಾಸಿಂಗ್ ಮಾಡಬೇಕು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಬಿಡಿಸಿ ಕೇಸರ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಗಂಡು ತಳಿಯ ಗಿಡದ ಹೂವಿನ ಪರಾಗ ಸವರುತ್ತಾರೆ. ಹೂವು ಒಂದು ದಿನವೂ ಕಾಯುವುದಿಲ್ಲ, ಹಾಗಾಗಿ ವಾರಗಟ್ಟಲೆ ರಜೆಯೇ ಇಲ್ಲ. ಸಣ್ಣ ಬೆರಳು ಬೇಗ ಆಡುತ್ತವೆ ಅನ್ನುತ್ತಾರೆ. ನನಗೆ ಅದು ನೆಪ ಅನಿಸುತ್ತದೆ. ದೊಡ್ಡವರು ಜಾಸ್ತಿ ಕೂಲಿ ಕೇಳುತ್ತಾರೆ, ಮಕ್ಕಳು ಕೇಳುವುದಿಲ್ಲ, ಅಷ್ಟೇ. ಔಷಧಿ ಹೊಡೆದ ಹೊಲದಲ್ಲೇ ದಿನವೆಲ್ಲ ನಿಂತಿರುತ್ತಾರೆ.

ಗುಳೆ ಹೋಗುವವರನ್ನೆಲ್ಲ ಇದೇ ಸಾಲಿಗೆ ಸೇರಿಸಬೇಡಿ. ಅಪ್ಪ ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವುದು ಬಡತನ, ಅಪರಾಧವಲ್ಲ. ಆದರೆ ದುಡ್ಡಿನ ಆಸೆ ತೋರಿಸಿ ಮಗುವನ್ನು ಸಾಗಿಸಿ ದುಡಿಸಿಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಅಡಿ ಬರುತ್ತದೆ. ಮಗುವಿನ ವಿಷಯದಲ್ಲಿ ಶಿಕ್ಷೆ ಕನಿಷ್ಠ 10 ವರ್ಷ. ಒಂದಕ್ಕಿಂತ ಹೆಚ್ಚು ಮಕ್ಕಳಾದರೆ ಕನಿಷ್ಠ 14 ವರ್ಷ. 'ಅವಳೇ ಬರ್ತೀನಿ ಅಂದಳು' ಎನ್ನುವ ಮಾತಿಗೆ ಅಲ್ಲಿ ಬೆಲೆಯಿಲ್ಲ.

ಕಾನೂನು ಇಷ್ಟು ಗಟ್ಟಿಯಿದ್ದರೂ ಗಡಿಯಲ್ಲಿ ಕೆಲಸ ಸಡಿಲವಾಗುತ್ತದೆ. ಮುಂಗಡ ಕೊಟ್ಟದ್ದು ಕರ್ನಾಟಕದಲ್ಲಿ, ದುಡಿಸಿಕೊಂಡದ್ದು ತೆಲಂಗಾಣದಲ್ಲಿ. 'ಇದು ನಮ್ಮ ಠಾಣೆಗೆ ಬರಲ್ಲ' ಎಂದು ಯಾರಾದರೂ ಅಂದರೆ ಝೀರೋ ಎಫ್‌ಐಆರ್ ಕೇಳಿ. ಯಾವ ಠಾಣೆಯಲ್ಲಾದರೂ ದಾಖಲಿಸಿ ಆಮೇಲೆ ವರ್ಗಾಯಿಸಬಹುದು. ಶಾಲೆಯಲ್ಲೂ ಇದೇ ಕಥೆ. ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರು ಹಾಗೇ ಇರುತ್ತದೆ, ಕೇಳಿದರೆ 'ಅಜ್ಜಿ ಊರಿಗೆ ಹೋಗ್ಯಾಳ' ಅನ್ನುತ್ತಾರೆ. ಪಂಚಮಿ ಆದ ಮೇಲೆ ನಾಲ್ಕೈದು ಹುಡುಗಿಯರು ಒಟ್ಟಿಗೆ ಅಜ್ಜಿ ಊರಿಗೆ ಹೋಗಿದ್ದಾರೆಂದರೆ ಮೇಷ್ಟ್ರಿಗೂ ಪಂಚಾಯಿತಿಗೂ ಸುಳಿವು ಸಿಗಬೇಕಲ್ವಾ?

ಮಗುವನ್ನು ಬಿಡಿಸಿ ತಂದ ಫೋಟೊ ಪೇಪರಿನಲ್ಲಿ ಬರುತ್ತದೆ. ಮುಂಗಡದ ಸಾಲ ಮಾತ್ರ ಮನೆಯಲ್ಲೇ ಕೂತಿರುತ್ತದೆ. ಅದಕ್ಕೇ ಮುಂದಿನ ಹಂಗಾಮಿಗೆ ಅದೇ ಮಗು, ಇಲ್ಲವೇ ಅದರ ತಂಗಿ, ಮತ್ತೆ ಹೊರಡುತ್ತದೆ. ಇದನ್ನು ಕತ್ತರಿಸಲು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆ ಇದೆ. ಮುಂಗಡ ಕೊಟ್ಟು ಜೀತಕ್ಕೆ ದುಡಿಸಿಕೊಂಡರೆ ಆ ಸಾಲ ಅಲ್ಲಿಗೆ ರದ್ದು, ಅದನ್ನು ವಸೂಲಿ ಮಾಡುವುದೇ ಅಪರಾಧ. ಆದರೆ ಜೀತದಿಂದ ಬಿಡುಗಡೆಯಾಗಿದೆ ಎಂದು ಅಧಿಕಾರಿಗಳು ಬಿಡುಗಡೆ ಪತ್ರ ಕೊಡಬೇಕು. ಆ ಕಾಗದ ಇಲ್ಲದೆ ಮನೆಗೆ ಬಂದ ಮಗು ಅರ್ಧ ಮಾತ್ರ ಬಂದಂತೆ.

ನೀವು ಈ ಕಡೆ ಬಂದಾಗ ಅನುಮಾನ ಬಂದರೆ ಗಾಡಿ ಅಡ್ಡಗಟ್ಟಬೇಡಿ, ಮಕ್ಕಳ ಫೋಟೊ ತೆಗೆದು ಹಾಕಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಗಾಡಿ ನಂಬರು, ಹೊರಟ ದಿಕ್ಕು, ಎಷ್ಟು ಮಕ್ಕಳಿದ್ದರು, ಜೊತೆಗೆ ಯಾರಿದ್ದರು ಇಷ್ಟು ಹೇಳಿ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಬಿಡುಗಡೆ ಪತ್ರದ ವಿಷಯವನ್ನು ಅಲ್ಲೇ ಎತ್ತಿದರೆ ಒಳ್ಳೆಯದು. ತಡವಾದರೆ ಮೇಸ್ತ್ರಿ ಮತ್ತೆ ಚಹಾಕ್ಕೆ ಬಂದಿರುತ್ತಾನೆ.