ಪಕ್ಕದ ಮನೆಯವರು ಮಗಳನ್ನು ಚರ್ಚಿನ ಸಂಜೆ ಪಾಠಕ್ಕೂ (ಶಾಲಾ ಮಕ್ಕಳ ಟ್ಯೂಷನ್) ನಮ್ಮನ್ನು ಮನೆ ಪ್ರಾರ್ಥನೆಗೂ ಕರೆಯುತ್ತಿದ್ದಾರೆ, ನಾವು ಹಿಂದೂಗಳು, ಹೋಗಬಹುದೇ? ಧರ್ಮ ಬದಲಿಸುವ ಒತ್ತಡ ಬರುತ್ತದೆಯೇ?

ಹೋಗಬಹುದು. ಆದರೆ ಮಗಳಿಗೆ ಸಂಜೆ ಪಾಠ, ನಿಮಗೆ ಮನೆ ಪ್ರಾರ್ಥನೆ ಎಂಬ ಎರಡು ಕರೆಗಳನ್ನು ನೀವು ಒಂದೇ ಪ್ರಶ್ನೆಯಲ್ಲಿ ಸೇರಿಸಿದ್ದೀರಿ. ಅವು ಬೇರೆ ಬೇರೆ, ಬೇರೆಯಾಗಿಯೇ ಇರಬೇಕು. ನಾನು ಮೈಸೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಚರ್ಚು) ಸಭೆಯೊಂದರ ಸದಸ್ಯ, ಸತ್ಯವೇದ ಅಂದರೆ ಬೈಬಲ್ ಅಧ್ಯಯನ ಕೂಟ ನಡೆಸಿದವನು. ನನಗೆ ತಿಳಿದಷ್ಟು ಹೇಳುತ್ತೇನೆ.

ಮನೆ ಪ್ರಾರ್ಥನೆ ವಾರಕ್ಕೊಬ್ಬರ ಮನೆಯಲ್ಲಿ ನಡೆಯುತ್ತದೆ. ಒಂದು ಹಾಡು, ಚಿಕ್ಕ ಪ್ರಾರ್ಥನೆ, ಆಮೇಲೆ ಒಂದು ಅಧ್ಯಾಯ. ಕುಳಿತವರೆಲ್ಲ ಸರದಿಯಂತೆ ಒಂದೊಂದು ವಚನ ಓದುತ್ತಾರೆ. ಇಂಗ್ಲಿಷ್ ಶಾಲೆಯ ಮಕ್ಕಳ ಸರದಿ ಬಂದಾಗ ಹಿರಿಯರೊಬ್ಬರು ಅವರ ಒತ್ತಕ್ಷರಗಳನ್ನು ತಿದ್ದುತ್ತಲೇ ಇರುತ್ತಾರೆ, ಅದೂ ಕಾರ್ಯಕ್ರಮದ ಭಾಗವೇ. ನಿಮ್ಮ ಸರದಿ ಬಂದರೆ ಪುಸ್ತಕವನ್ನು ಪಕ್ಕದವರಿಗೆ ದಾಟಿಸಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಓದಿದ ಮೇಲೆ ಮಾತು. ಇದೇ ನನಗೆ ಇಷ್ಟವಾದ ಭಾಗ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಿಗ್ಗೆಯಿಂದ ದುಡಿದವರಿಗೂ ಸಂಜೆ ಒಂದು ತಾಸು ದುಡಿದವರಿಗೂ ಒಂದೇ ಕೂಲಿ ಕೊಡುತ್ತಾನೆ. ನಮ್ಮ ಕೂಟದಲ್ಲಿ ಕಾರ್ಮಿಕ ಸಂಘದಲ್ಲಿದ್ದು ನಿವೃತ್ತರಾದವರೊಬ್ಬರು, ಇಂಥ ಯಜಮಾನನ ವಿರುದ್ಧ ನಾವು ಮುಷ್ಕರ ಹೂಡುತ್ತಿದ್ದೆವು ಎಂದು ಗುಡುಗಿದರು. ಗಾರೆ ಕೆಲಸಕ್ಕೆ ಹೋಗುವ ಹೆಂಗಸೊಬ್ಬರು, ‘ಸಂಜೆಯವರೆಗೂ ಯಾರೂ ಕರೆಯದೆ ವೃತ್ತದಲ್ಲಿ ನಿಂತವನಿಗೂ ಹೊಟ್ಟೆ ಇರುತ್ತದಲ್ಲ ಅಣ್ಣಾ’ ಎಂದರು. ನಾನು ಸಿದ್ಧಮಾಡಿಕೊಂಡು ಹೋಗಿದ್ದ ಟಿಪ್ಪಣಿಗಳನ್ನು ಆ ದಿನ ತೆರೆಯಲಿಲ್ಲ. ಹಾಗೆಂದು ಎಲ್ಲ ವಾರವೂ ಇಷ್ಟು ರುಚಿಯಾಗಿರುವುದಿಲ್ಲ. ಒಬ್ಬರೇ ಮಾತನಾಡಿ ಉಳಿದವರು ತೂಕಡಿಸುವ ಸಂಜೆಗಳೂ ಉಂಟು. ಕೊನೆಗೆ ನಿಮ್ಮ ಮನೆಗಾಗಿ ಪ್ರಾರ್ಥಿಸಲೇ ಎಂದು ಯಾರಾದರೂ ಕೇಳಬಹುದು. ಬೇಡವಾದರೆ ಬೇಡ ಎನ್ನಿ. ಕಾಫಿ ಹೇಗೂ ಬರುತ್ತದೆ.

ಇನ್ನು ಸಂಜೆ ಪಾಠ. ಮೈಸೂರಿನ ಸಭೆಗಳಿಗೆ ಇಂಥ ಕೆಲಸ ಹೊಸದಲ್ಲ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯನ್ನು 1906ರಲ್ಲಿ ತೆರೆದವರು ಇಂಗ್ಲೆಂಡಿನ ಮೆಥಡಿಸ್ಟ್ ಪಂಥದ ವೆಸ್ಲಿಯನ್ ಮಿಷನ್‌ನವರು. ಅವರ ಸಭೆಗಳು 1947ರಲ್ಲಿ ಸಿಎಸ್‌ಐಗೆ ಸೇರಿದವು. ಆ ಆಸ್ಪತ್ರೆಯಲ್ಲಿ ಹುಟ್ಟಿದವರು ಎಲ್ಲ ಜಾತಿ, ಧರ್ಮಗಳಲ್ಲಿಯೂ ಇದ್ದಾರೆ. ನಮ್ಮ ಸಂಜೆ ಪಾಠಕ್ಕೆ ಹಣ ಬರುವುದು ಕಾಣಿಕೆಯಿಂದ ಮತ್ತು ಚರ್ಚಿನ ಸುಗ್ಗಿ ಹಬ್ಬಕ್ಕೆ ಜನ ತಂದುಕೊಟ್ಟ ವಸ್ತುಗಳ ಹರಾಜಿನಿಂದ. ಒಂದು ತೆಂಗಿನಕಾಯಿಗಾಗಿ ಇಬ್ಬರು ಹಠಕ್ಕೆ ಬಿದ್ದರೆ ಒಂದಷ್ಟು ಮಕ್ಕಳ ನೋಟ್‌ಪುಸ್ತಕದ ಖರ್ಚು ಹುಟ್ಟುತ್ತದೆ.

ಒತ್ತಡದ ಬಗ್ಗೆ ಕೇಳಿದ್ದೀರಿ. ತಮ್ಮ ನಂಬಿಕೆ ನಿಮಗೂ ಹಿಡಿಸಲಿ ಎಂಬ ಆಸೆ ನಿಮ್ಮ ನೆರೆಯವರಿಗೆ ಇರಬಹುದು, ಇಲ್ಲವೆಂದು ನಾನು ಹೇಳಿದರೆ ಸುಳ್ಳಾದೀತು. ಆಸೆ ಇದ್ದರೆ ಇರಲಿ. ಆದರೆ ನೋಟ್‌ಪುಸ್ತಕ ಕೊಡುವ ಮೊದಲು ಮಕ್ಕಳಿಂದ ಹಾಡಿಸುವ, ಚರ್ಚಿನ ಭಾನುವಾರ ಶಾಲೆಗೆ (ಬೈಬಲ್ ತರಗತಿಗೆ) ಬಂದವರಿಗೆ ಮಾತ್ರ ಪಾಠ ಎನ್ನುವ ಗುಂಪುಗಳೂ ಇವೆ. ಅದನ್ನು ಸೇವೆ ಎಂದು ನಾನು ಒಪ್ಪುವುದಿಲ್ಲ, ನಮ್ಮ ಸಭೆಯಲ್ಲಿಯೂ ಇದನ್ನು ಹೇಳಿ ಕೆಲವರ ಮುನಿಸು ಕಟ್ಟಿಕೊಂಡಿದ್ದೇನೆ. ಮಾನ್ಯತೆ ಅಥವಾ ಸರ್ಕಾರದ ನೆರವು ಪಡೆದ ಶಿಕ್ಷಣ ಸಂಸ್ಥೆಗಳಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಸಂಜೆ ಪಾಠ ಅಂಥ ಸಂಸ್ಥೆಯಲ್ಲ, ನಿಜ. ಆದರೂ ಸಭೆಯೊಂದು ಅದಕ್ಕಿಂತ ಕೆಳಗಿನ ಅಳತೆ ಇಟ್ಟುಕೊಳ್ಳಬಾರದು.

ಕಳುಹಿಸುವ ಮೊದಲು ಒಂದು ಸಂಜೆ ನೀವೇ ಹೋಗಿ ಹಿಂದೆ ಕುಳಿತುಕೊಳ್ಳಿ. ಕಲಿಸುವವರು ಯಾರು, ದೊಡ್ಡವರು ಇಬ್ಬರಾದರೂ ಇರುತ್ತಾರೆಯೇ, ಬಾಗಿಲು ತೆರೆದಿರುತ್ತದೆಯೇ ನೋಡಿ. ಇದನ್ನು ಯಾವ ಟ್ಯೂಷನ್‌ನಲ್ಲಾದರೂ ನೋಡಲೇಬೇಕು. ಪ್ರಾರ್ಥನೆಗೆ ಮನಸ್ಸಿಲ್ಲದಿದ್ದರೆ, ‘ಮಗಳು ಪಾಠಕ್ಕೆ ಬರುತ್ತಾಳೆ, ಪ್ರಾರ್ಥನೆಗೆ ನಾವು ಬರುವುದಿಲ್ಲ’ ಎಂದು ನೆರೆಯವರಿಗೆ ನೇರವಾಗಿ ಹೇಳಿಬಿಡಿ. ಅದಾದ ಮೇಲೂ ಅವಳನ್ನು ಮೊದಲಿನಂತೆಯೇ ಕೂರಿಸಿಕೊಂಡರೆ ಧಾರಾಳವಾಗಿ ಕಳುಹಿಸಿ. ಏನಾದರೂ ನೆಪ ಹೇಳತೊಡಗಿದರೆ ಸಭಾಪಾಲಕರನ್ನೇ (ಚರ್ಚಿನ ಪಾದ್ರಿಯನ್ನೇ) ಹೋಗಿ ಕೇಳಿ, ಉತ್ತರ ಕೊಡಬೇಕಾದವರು ಅವರೇ.