ಅಮ್ಮ ತೀರಿಕೊಂಡಿದ್ದಾರೆ, ಏಳನೇ ಕ್ಲಾಸಿನ ಹುಡುಗಿ ಅಳುತ್ತಲೇ ಇಲ್ಲ. ಏನು ಮಾಡಬೇಕು?

ನಿಮ್ಮ ಅಕ್ಕ ತೀರಿಕೊಂಡು ಎರಡು ತಿಂಗಳಾಯಿತು ಅಂದಿದ್ದೀರಿ. ಅವರ ಮಗಳು ಅಳುತ್ತಿಲ್ಲ, ಟಿವಿ ನೋಡಿಕೊಂಡು ನಗುತ್ತಾಳೆ, ಅಪ್ಪನ ಮೇಲೆ ಸುಮ್ಸುಮ್ನೆ ರೇಗುತ್ತಾಳೆ. ಒಂದನೇ ಕ್ಲಾಸಿನಿಂದ ಜೊತೆಗಿದ್ದ ಗೆಳತಿ ಈಗ ಬೇರೆ ಬೆಂಚಿಗೆ ಹೋಗಿದ್ದಾಳೆ, ಕೇಳಿದರೆ ಇವಳು "ನಂಗ್ಯಾರೂ ಬೇಡ" ಅಂತಾಳೆ. ಅದರ ಮೇಲೆ ಮನೆಯಲ್ಲಿ ಆಗಲೇ ನಿಮ್ಮ ಭಾವನಿಗೆ ಎರಡನೇ ಮದುವೆಯ ಮಾತು. ಇವಳಿಗೆ ದುಃಖವೇ ಆಗಿಲ್ವಾ, ಇಲ್ಲ ಒಳಗೇ ಇಟ್ಟುಕೊಂಡಿದ್ದಾಳಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ನಮ್ಮಮ್ಮ ಹೋದಾಗ ನಾನೂ ಏಳನೇ ಕ್ಲಾಸು, ತಿಪಟೂರು ಕಡೆ ಒಂದು ಹಳ್ಳಿ, ಜೊತೆಗೊಬ್ಬ ತಮ್ಮ. ಅಷ್ಟರ ಮೇಲೆ ಹೇಳುತ್ತಿದ್ದೇನೆ.

ದುಃಖ ಆಗಿದೆ. ಆ ವಯಸ್ಸಿನಲ್ಲಿ ಅದು ದೊಡ್ಡವರ ಹಾಗೆ ಇಡೀ ದಿನ ಕೂತಿರುವುದಿಲ್ಲ. ಬೆಳಿಗ್ಗೆ ಕುಂಟೆಬಿಲ್ಲೆ ಆಡಿ, ಮಧ್ಯಾಹ್ನ ನಕ್ಕು, ಸಂಜೆ ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ತಟ್ಟೆ ತಳ್ಳಿ ಎದ್ದು ಹೋಗುತ್ತಾಳಲ್ಲ, ಆ ತಟ್ಟೆ ತಳ್ಳಿದ್ದೇ ಅಳು. ನಾನು ಹಾಲು ತುಪ್ಪದ ದಿನ ನೆಂಟರ ಮಕ್ಕಳ ಜೊತೆ ಹಿತ್ತಲಲ್ಲಿ ಆಡಿದ್ದೆ. "ನೋಡು, ಅದಕ್ಕೆ ಗೊತ್ತೇ ಆಗಿಲ್ಲ ಪಾಪ" ಅಂತ ಒಬ್ಬರು ಅಂದಿದ್ದು ಕಿವಿಗೆ ಬಿತ್ತು. ಎಲ್ಲಾ ಗೊತ್ತಾಗಿತ್ತು. ಅದನ್ನು ಎಲ್ಲಿಡಬೇಕು ಅನ್ನೋದು ಗೊತ್ತಿರಲಿಲ್ಲ, ಅಷ್ಟೇ.

ಅಪ್ಪನ ಮೇಲೆ ರೇಗುವುದೂ ಹಾಗೇ. ಬೇರೆ ಯಾರ ಮೇಲೆ ರೇಗಲಿ? ಅಜ್ಜಿ ಮೇಲೆ ಕೂಗಿದರೆ ಅಜ್ಜಿ ಅಳುತ್ತಾರೆ, ನಿಮ್ಮ ಮೇಲೆ ಕೂಗಿದರೆ ನೀವು ಬರೋದು ನಿಲ್ಲಿಸ್ತೀರೇನೋ ಅನ್ನೋ ಭಯ ಇರುತ್ತೆ. ಅಪ್ಪ ಎಲ್ಲೂ ಹೋಗಲ್ಲ ಅನ್ನೋ ಧೈರ್ಯಕ್ಕೇ ರೇಗೋದು. ಭಾವನಿಗೆ ಇದನ್ನು ಒಂದು ಸಲ ಬಿಡಿಸಿ ಹೇಳಿ, ಪಾಪ ಅವರು ಮಗಳಿಗೆ ತಾನು ಬೇಡವಾದೆ ಅಂತ ತಿಳಿದುಕೊಂಡಿರಬಹುದು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು. ನಿಮ್ಮನೆಗೆ ಬರುವವರಲ್ಲಿ ಯಾರಾದರೂ ಅವಳ ತಲೆ ಸವರಿ "ಇನ್ಮೇಲೆ ಈ ಮನೆಗೆ ನೀನೇ ಅಮ್ಮ" ಅಂತಿದ್ದಾರಾ? ಅನ್ನದೇ ಇರಲ್ಲ. ದಯವಿಟ್ಟು ಅದನ್ನು ನಿಲ್ಲಿಸಿ. ಪ್ರೀತಿಯಿಂದಲೇ ಅಂತಾರೆ, ಆದರೆ ಹನ್ನೆರಡು ವರ್ಷದವಳ ತಲೆಗೆ ಅದು ಎಷ್ಟು ಭಾರ ಅನ್ನೋದು ಅನ್ನುವವರಿಗೆ ಗೊತ್ತಿಲ್ಲ. ನಾನು ಅದನ್ನು ನಿಜ ಅಂತಲೇ ನಂಬಿ, ತಮ್ಮನಿಗೆ ಸ್ನಾನ ಮಾಡಿಸಿ, ಅವನ ಡಬ್ಬಿ ಕಟ್ಟಿ, ಅವನು ಜ್ವರ ಬಂದು ಮಲಗಿದರೆ ರಾತ್ರಿಯೆಲ್ಲ ಎದ್ದು ಉಸಿರು ಆಡ್ತಿದೆಯಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಎಲ್ಲರೂ "ಎಷ್ಟು ಜವಾಬ್ದಾರಿ ನೋಡಿ" ಅಂತ ಹೊಗಳೋರು. ಹೊಗಳಿದಷ್ಟೂ ನಾನು ಅಳೋ ಹಾಗಿರಲಿಲ್ಲ, ಅಲ್ವಾ? ಮನೆಕೆಲಸದಲ್ಲಿ ಕೈ ಜೋಡಿಸಲಿ, ಅದು ಎಲ್ಲಾ ಮನೆಯಲ್ಲೂ ಇದ್ದದ್ದೇ. ಆದರೆ ಮನೆ ನಡೆಸುವುದು ಅಪ್ಪನ ಕೆಲಸ, ಅಜ್ಜಿಯ ಕೆಲಸ, ನಿಮ್ಮ ಕೆಲಸ. ಅವಳು ಏಳನೇ ಕ್ಲಾಸಿನ ಹುಡುಗಿಯಾಗಿಯೇ ಇರಲಿ. ಹೋಂವರ್ಕ್ ಮಾಡದೆ ಬೈಸಿಕೊಳ್ಳಲಿ ಬೇಕಾದರೆ.

ಗೆಳತಿಯ ವಿಷಯ. ನಿಮಗೆ ಆ ಹುಡುಗಿ ಮೇಲೆ ಸಿಟ್ಟಿದೆ ಅನ್ನೋದು ಬರೆದ ರೀತಿಯಲ್ಲೇ ಗೊತ್ತಾಗುತ್ತೆ. ಅವಳೂ ಹನ್ನೆರಡು ವರ್ಷದವಳೇ ಅಲ್ವಾ. ನನ್ನ ಪಕ್ಕ ಕೂರುತ್ತಿದ್ದವಳು "ನಿನ್ನೆ ನಮ್ಮಮ್ಮ ಏನ್ಮಾಡಿದ್ರು ಗೊತ್ತಾ" ಅಂತ ಶುರು ಮಾಡಿ, ನನ್ನ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸಿ ಜಾಮೆಟ್ರಿ ಬಾಕ್ಸ್ ತೆಗೆದು ಮುಚ್ಚಿ ಮಾಡೋಳು. ಅವಳು ಮಾತು ಪೂರ್ತಿ ಮಾಡಿದ್ದರೆ ನನಗೇನೂ ಆಗುತ್ತಿರಲಿಲ್ಲ. ಆ ನಿಲ್ಲಿಸೋದೇ ಹಿಂಸೆ. ಅವಳಿಗೂ ಹಿಂಸೆ ಆಗಿಯೇ ನಿಧಾನಕ್ಕೆ ಬೇರೆಯವರ ಜೊತೆ ಊಟಕ್ಕೆ ಕೂರೋಕೆ ಶುರು ಮಾಡಿದಳು. ಇನ್ನೊಂದು ಮಾತು, ಏಳನೇ ಕ್ಲಾಸಿನಲ್ಲಿ ಗುಂಪುಗಳು ಹೇಗಿದ್ದರೂ ಬದಲಾಗುತ್ತವೆ. ಯಾರೂ ಸಾಯದಿದ್ದರೂ ಬದಲಾಗುತ್ತವೆ. ರಾಜ್ಯ ಸಿಲಬಸ್ಸಿನ ಎಷ್ಟೋ ಶಾಲೆಗಳಲ್ಲಿ ಎಂಟನೇ ಕ್ಲಾಸಿಗೆ ಹೈಸ್ಕೂಲು ಅಂತ ಬೇರೆ ಕಡೆಯೇ ಹೋಗಬೇಕು, ಒಬ್ಬಳು ಇಂಗ್ಲಿಷ್ ಮೀಡಿಯಂ, ಇನ್ನೊಬ್ಬಳು ಹಾಸ್ಟೆಲ್, ಆ ಲೆಕ್ಕ ಈಗಾಗಲೇ ಅವರವರಲ್ಲಿ ಶುರುವಾಗಿರುತ್ತೆ. ಎಲ್ಲವನ್ನೂ ಸಾವಿನ ಖಾತೆಗೆ ಬರೆಯಬೇಡಿ.

ಹಾಗಂತ ಗೆಳತಿಯ ತಾಯಿಗೆ ಫೋನ್ ಮಾಡಿ "ನಿಮ್ಮ ಮಗಳು ಹೀಗೆ ಮಾಡಬಹುದಾ" ಅಂತ ಕೇಳಲೇಬೇಡಿ. ಮಾರನೇ ದಿನ ಆ ಹುಡುಗಿ ಕರುಣೆಯಿಂದ ಬಂದು ಪಕ್ಕ ಕೂತರೆ ನಿಮ್ಮ ಹುಡುಗಿಗೆ ಗೊತ್ತಾಗಿಬಿಡುತ್ತೆ, ಅದಕ್ಕಿಂತ ಅವಮಾನ ಇಲ್ಲ. ಮಾಡಬೇಕಾದರೆ ಇಷ್ಟು ಮಾಡಿ: ಒಂದು ಭಾನುವಾರ ಇಬ್ಬರು ಮೂವರು ಹುಡುಗಿಯರನ್ನು ಮನೆಗೆ ಕರೆಯಿರಿ, ಮ್ಯಾಗಿ ಮಾಡಿಕೊಡಿ, ನೀವೇ ಅವರ ಮುಂದೆ ಅಕ್ಕನ ವಿಷಯ ಮಾಮೂಲಿಯಾಗಿ ತೆಗೆಯಿರಿ, "ನಮ್ಮಕ್ಕ ಇದಕ್ಕೆ ಕ್ಯಾರೆಟ್ ಹಾಕ್ತಿದ್ಲು, ಇವಳು ಆರಿಸಿ ಪಕ್ಕಕ್ಕಿಡೋಳು" ಅಂತ. ಈ ಮನೆಯಲ್ಲಿ ಆ ಮಾತು ಆಡಬಹುದು ಅಂತ ಮಕ್ಕಳಿಗೆ ತಿಳಿದರೆ ಸಾಕು. ಆಮೇಲೂ ಆ ಗೆಳತನ ಉಳಿಯಲಿಲ್ಲ ಅಂದರೆ ಬಿಡಿ. ನನಗೆ ಹೈಸ್ಕೂಲಲ್ಲಿ ಸಿಕ್ಕವಳು ಮೊದಲ ದಿನವೇ "ನಿಮ್ಮಮ್ಮ ಹೇಗೆ ಹೋದ್ರು?" ಅಂತ ನೇರ ಕೇಳಿ, ಉತ್ತರ ಕೇಳಿಸಿಕೊಂಡು, "ಹಂಗಾದ್ರೆ ನಿನ್ನ ಡಬ್ಬಿ ಯಾರು ಕಟ್ಟೋದು?" ಅಂದಳು. ಈಗಲೂ ಜೊತೆಗಿದ್ದಾಳೆ.

ಶಾಲೆಯಲ್ಲಿ ಕ್ಲಾಸ್ ಟೀಚರ್ ಹತ್ತಿರ ಒಬ್ಬರೇ ಹೋಗಿ ಮಾತಾಡಿ. ಎಲ್ಲರ ಮುಂದೆ "ಪಾಪ, ತಾಯಿ ಇಲ್ಲದ ಮಗು" ಅನ್ನಬೇಡಿ ಅಂತ ಹೇಳಿ. ಕನ್ನಡ ಪರೀಕ್ಷೆಗೆ "ನನ್ನ ತಾಯಿ" ಅಂತ ಪ್ರಬಂಧ ಬರೆಸುತ್ತಾರೆ, ಮೇ ತಿಂಗಳಲ್ಲಿ ಕೆಲವು ಕಡೆ ಅಮ್ಮಂದಿರ ದಿನ ಅಂತ ಗ್ರೀಟಿಂಗ್ ಕಾರ್ಡ್ ಮಾಡಿಸುತ್ತಾರೆ. ಅಂಥದ್ದಿದ್ದರೆ ಮೊದಲೇ ಅವಳಿಗೊಂದು ಮಾತು ಹೇಳಲಿ, ಬೇಕಾದರೆ ಬರೆಯಲಿ, ಬೇಡವಾದರೆ ಬೇರೆ ವಿಷಯ ಕೊಡಲಿ.

ಒಂದು ಕೆಲಸ ಮಾತ್ರ ನೀವೇ ಮಾಡಬೇಕು, ಚಿಕ್ಕಮ್ಮ ಅಲ್ಲದೆ ಬೇರೆ ಯಾರೂ ಮಾಡಲ್ಲ. ಅವಳಿಗೆ ಮುಟ್ಟು ಇನ್ನೂ ಶುರುವಾಗಿಲ್ಲದಿದ್ದರೆ ಈಗಲೇ ಕೂರಿಸಿಕೊಂಡು ಹೇಳಿ. ಪ್ಯಾಡ್ ತಂದು ಅವಳ ಬೀರುವಿನಲ್ಲಿಡಿ, ಸ್ಕೂಲ್ ಬ್ಯಾಗಿನಲ್ಲೂ ಒಂದಿರಲಿ. ಭಾವನಿಗೂ ಹೇಳಿ, ಯಾವ ಪ್ಯಾಡ್ ಅಂತ ತೋರಿಸಿ, ಅಂಗಡಿಯಿಂದ ತರೋದು ಅವರಿಗೂ ಬರಲಿ. ಆರತಿ ಮಾಡಬೇಕು ಅಂತ ಹಿರಿಯರು ಹೊರಟರೆ ಅವಳನ್ನು ಕೇಳದೆ ಒಪ್ಪಬೇಡಿ. ಆ ದಿನ ಬರುವ ಹೆಂಗಸರೆಲ್ಲ "ಅವಳಮ್ಮ ಇರಬೇಕಿತ್ತು" ಅಂತ ಕಣ್ಣೊರೆಸಿಕೊಳ್ಳುತ್ತಾ ಕೂರುತ್ತಾರೆ, ಮಧ್ಯದಲ್ಲಿ ಕೂತವಳ ಗತಿ ಏನು?

ಶಾಸ್ತ್ರಗಳನ್ನು ನಾನು ಬೇಡ ಅನ್ನಲ್ಲ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ದೊಡ್ಡಮ್ಮ ಅಮ್ಮನಿಗೆ ಇಷ್ಟ ಅಂತ ಒಬ್ಬಟ್ಟು, ಕಡುಬು ಎಲ್ಲಾ ಮಾಡಿಟ್ಟಿದ್ದರು. ಅಜ್ಜಿ ನನ್ನ ಕಡೆ ತಿರುಗಿ "ಇನ್ನೇನಿಷ್ಟ ಕಣವ್ವ ಅವಳಿಗೆ?" ಅಂದರು. ಬೇಕರಿ ಖಾರ ಬನ್ನು ಅಂದೆ. ಒಂದಿಬ್ಬರು ನಕ್ಕರು. ಅಜ್ಜಿ ನಗಲಿಲ್ಲ, ಮಾವನನ್ನು ಬೈಕಿನಲ್ಲಿ ಪೇಟೆಗೆ ಓಡಿಸಿದರು. ಎಲೆ ಮೇಲೆ ಒಬ್ಬಟ್ಟಿನ ಪಕ್ಕ ಖಾರ ಬನ್ನು ಬಂತು. ಅವತ್ತು ನಾನು ಅತ್ತೆ, ಸರಿಯಾಗಿ. ನಿಮ್ಮ ಹುಡುಗಿಯನ್ನೂ ಹೀಗೆ ಏನಾದರೂ ಕೇಳುತ್ತಿರಿ. ಅವಳಮ್ಮನ ಬಗ್ಗೆ ಅವಳಿಗೆ ಮಾತ್ರ ಗೊತ್ತಿರುವ ವಿಷಯಗಳು ಇರುತ್ತವೆ. ಸೀರೆ ಹಂಚುವ ಮುಂಚೆಯೂ ಕೇಳಿ. ದೊಡ್ಡವರು ರೇಷ್ಮೆ ಸೀರೆ ಇವಳ ಮದುವೆಗೆ ಅಂತ ತೆಗೆದಿಡುತ್ತಾರೆ, ಅವಳಿಗೆ ಬೇಕಾಗಿರೋದು ದಿನಾ ಹಾಕುತ್ತಿದ್ದ ನೈಟಿ ಇರಬಹುದು.

ಯಾವಾಗ ಭಯ ಪಡಬೇಕು? ವಾರಗಟ್ಟಲೆ ನಿದ್ದೆ ಊಟ ಇಲ್ಲ, ಶಾಲೆಗೆ ಹೋಗಲ್ಲ ಅಂತ ಹಟ, ಕೈ ಕೊಯ್ದುಕೊಂಡ ಗುರುತು, "ನಾನೂ ಅಮ್ಮನ ಹತ್ರ ಹೋಗ್ತೀನಿ" ಅನ್ನೋ ಮಾತು. ಅಂಥ ಮಾತು ಬಂದರೆ ಗದರಬೇಡಿ, ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿಯೇ ಕೇಳಿ, ಒಬ್ಬಳನ್ನೇ ಬಿಡಬೇಡಿ, ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೇಗೆ ನೋಡಿಕೊಳ್ಳಬೇಕು ಅಂತ ನೀವೂ ಫೋನ್ ಮಾಡಿ ಕೇಳಬಹುದು. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇರುತ್ತೆ, ಬೆಂಗಳೂರಿಗೇ ಬರೋದಾದರೆ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ.

ಭಾವನ ಮದುವೆ ಆಗಬೇಕೋ ಬೇಡವೋ, ಅದು ನನ್ನ ಮಾತಲ್ಲ. ಆದರೆ ಆ ಮಾತು ಅವಳಿಗೆ ಪಕ್ಕದ ಮನೆಯವರಿಂದ ತಿಳಿಯಬಾರದು. ಅಪ್ಪನೇ ಹೇಳಬೇಕು, ಈಗಂತೂ ಏನೂ ಇಲ್ಲ ಅಂದರೆ ಅದನ್ನೂ ಹೇಳಬೇಕು. "ನಿನಗೋಸ್ಕರ ಮದುವೆ ಆಗ್ತಿದ್ದೀನಿ" ಅಂತ ಮಾತ್ರ ಅನ್ನುವುದು ಬೇಡ, ನಾಳೆ ಅಲ್ಲಿ ಏನೇ ಹೆಚ್ಚುಕಮ್ಮಿಯಾದರೂ ಅವಳ ತಲೆಗೇ ಬರುತ್ತೆ.

ಇನ್ನೊಂದು ಅರ್ಜೆಂಟ್ ಕೆಲಸ. ಅಕ್ಕನ ಫೋನ್ ಎಲ್ಲಿದೆ? ಪ್ರೀಪೇಯ್ಡ್ ಸಿಮ್ ಆದರೆ ಮೂರು ತಿಂಗಳು ಬಳಸದೆ ಬಿಟ್ಟರೆ ಬಂದ್ ಆಗಬಹುದು, ಆಮೇಲೆ ಆ ನಂಬರ್ ಬೇರೆ ಯಾರಿಗೋ ಹೋಗುತ್ತೆ. ಎರಡು ತಿಂಗಳು ಆಗಲೇ ಆಯಿತು. ಈ ವಾರವೇ ರೀಚಾರ್ಜ್ ಮಾಡಿಸಿ, ಫೋಟೋ, ವಾಟ್ಸಾಪ್ ವಾಯ್ಸ್ ಮೆಸೇಜ್ ಎಲ್ಲಾ ಎರಡು ಕಡೆ ಕಾಪಿ ಮಾಡಿಡಿ, "ಬರ್ತಾ ಕೊತ್ತಂಬರಿ ಸೊಪ್ಪು ತಗೊಂಬಾ" ಅಂದಿರೋ ಮೆಸೇಜನ್ನೂ ಬಿಡಬೇಡಿ. ಅವಳು ಈಗ ಕೇಳಲಿಕ್ಕಿಲ್ಲ. ಪಾಸ್‌ವರ್ಡ್ ಅವಳಿಗೆ ಗೊತ್ತಿರುತ್ತೆ, ಕೇಳಿ ನೋಡಿ.