ರೂಮಿನೊಳಗೇ ಕೂತು ಏನು ಓದಲಿ?

ಪ್ರಶ್ನೆ: ಚಿಕನ್‌ಪಾಕ್ಸ್ ಆಗಿ ವಿಜಯನಗರದ ರೂಮಿನಲ್ಲಿ ಒಬ್ಬನೇ ಇದ್ದೇನೆ ಮೇಡಂ. ಈ ಬಿಡುವಿನಲ್ಲಿ ಏನಾದರೂ ಓದಬೇಕು, ಕಲಿಯಬೇಕು ಅಂತ ಆಸೆ. ಆದರೆ ಇಡೀ ದಿನ ರೀಲ್ಸ್ ನೋಡೋದರಲ್ಲೇ ಮುಗಿಯುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಜ್ವರ ಇಳಿಯಲಿ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ನೀವು ಹೊರಗೆ ಹೋಗುವ ಹಾಗಿಲ್ಲ, ಅಲ್ವಾ? ಮೈ ಕಡಿಯುವಾಗ ದಪ್ಪ ಕಾದಂಬರಿ ಹಿಡಿದರೆ ಎರಡೇ ಪುಟಕ್ಕೆ ಬೇಜಾರಾಗುತ್ತದೆ. ಚಿಕ್ಕದು ಓದಿ. ಕೈಯಲ್ಲಿರುವ ಫೋನಿನಲ್ಲೇ 'ವಚನ ಸಂಚಯ' ತಾಣ ತೆರೆಯಿರಿ, ಅಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ, ಪದ ಕೊಟ್ಟು ಹುಡುಕಬಹುದು. 'ನೀರು' ಅಂತ ಹಾಕಿ ನೋಡಿ, ಬಸವಣ್ಣ ಏನು ಹೇಳುತ್ತಾರೆ, ಅಕ್ಕ ಮಹಾದೇವಿ ಏನು ಹೇಳುತ್ತಾರೆ, ಅಲ್ಲಮ ನಮ್ಮನ್ನು ಎತ್ತ ಎಳೆದುಕೊಂಡು ಹೋಗುತ್ತಾರೆ ಅಂತ ಹೋಲಿಸುತ್ತಾ ಕೂತರೆ ಮಧ್ಯಾಹ್ನ ಕಳೆದದ್ದೇ ಗೊತ್ತಾಗಲ್ಲ. ಅಲ್ಲಮ ಅರ್ಥವಾಗದಿದ್ದರೆ ಗಾಬರಿ ಬೇಡ, ನನಗೂ ಎಷ್ಟೋ ಆಗಿಲ್ಲ. ಇಷ್ಟವಾದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗದ್ಯ ಬೇಕಾದರೆ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳು ಬಿಟ್ಟಿ ಸಿಗುತ್ತವೆ.

ಒಟ್ಟಿಗೆ ಹತ್ತು ಆನ್‌ಲೈನ್ ಕೋರ್ಸಿಗೆ ಹೆಸರು ಕೊಡೋದು ಮಾತ್ರ ಬೇಡ, ಅದು ಸುಮ್ನೆ ತಲೆನೋವು. ಹುಷಾರಾದ ಮೇಲೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿ.